ಹಳೆಯ ಹೋಟೆಲುಗಳು ಮತ್ತು ಒಂದು ಕುರ್ಚಿಯ ಬೆಲೆ

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ 1954ರಿಂದ ನಡೆದುಕೊಂಡು ಬಂದಿದ್ದ ನ್ಯೂ ಕೃಷ್ಣ ಭವನ 2023ರ ಡಿಸೆಂಬರ್‌ನಲ್ಲಿ ಬಾಗಿಲು ಮುಚ್ಚಿದಾಗ ನಗರದಲ್ಲಿ ಒಂದು ಬಗೆಯ ಸೂತಕದ ವಾತಾವರಣವೇ ಉಂಟಾಯಿತು. ವರ್ಷಗಟ್ಟಲೆ ಅತ್ತ ಸುಳಿಯದವರೂ ಕೊನೆಯ ದಿನಗಳಲ್ಲಿ ಹೋಗಿ ಇಡ್ಲಿ ತಿಂದು, ಛಾಯಾಚಿತ್ರ ತೆಗೆಸಿಕೊಂಡು ಬಂದರು. 2009ರ ಏಪ್ರಿಲ್‌ನಲ್ಲಿ ಮಹಾತ್ಮ ಗಾಂಧಿ ರಸ್ತೆಯ ಇಂಡಿಯಾ ಕಾಫಿ ಹೌಸ್ ಅಲ್ಲಿಂದ ಎತ್ತಂಗಡಿಯಾದಾಗಲೂ ಹೀಗೆಯೇ ಆಗಿತ್ತು. ಹೋಟೆಲೊಂದು ನಡೆಯುತ್ತಿರುವಾಗ ತೋರದ ಪ್ರೀತಿ ಅದು ಮುಚ್ಚುವಾಗ ಉಕ್ಕಿ ಬರುವುದು ನಮ್ಮ ನಗರದ ಜಾಯಮಾನವೇ ಇರಬೇಕು. ಗಲ್ಲಾಪೆಟ್ಟಿಗೆಗೆ ಮಾತ್ರ ಅದರಿಂದ ಏನೂ ಉಪಯೋಗವಿಲ್ಲ.

ಈ ಹಳಹಳಿಕೆಯಲ್ಲಿ ಒಂದು ಗೊಂದಲವಿದೆ. ಹಳೆಯ ರುಚಿ ಕಳೆದುಹೋಯಿತೆಂದು ಎಲ್ಲರೂ ಮರುಗುತ್ತಾರೆ. ಆದರೆ ರುಚಿ ಎಲ್ಲಿಗೂ ಹೋಗಿಲ್ಲ. 1924ರಲ್ಲಿ ಆರಂಭವಾದ ಎಂಟಿಆರ್, 1943ರಿಂದ ಗಾಂಧಿ ಬಜಾರಿನಲ್ಲಿರುವ ವಿದ್ಯಾರ್ಥಿ ಭವನ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಇಂದಿಗೂ ಜನರಿಂದ ತುಂಬಿ ತುಳುಕುತ್ತಿವೆ. ರಜಾ ದಿನ ಬೆಳಿಗ್ಗೆ ಮಸಾಲೆ ದೋಸೆಗಾಗಿ ಮುಕ್ಕಾಲು ಗಂಟೆ ಕಾಯುವವರನ್ನು ಕಂಡರೆ ಈ ಉದ್ಯಮ ಅವಸಾನದಲ್ಲಿದೆ ಎಂದು ಯಾರೂ ಹೇಳಲಾರರು. ಕಾಣೆಯಾಗುತ್ತಿರುವುದು ಇನ್ನೊಂದು ಬಗೆಯ ಹೋಟೆಲು. ವಿಶೇಷವಾದ ತಿಂಡಿಯೇನೂ ಇಲ್ಲದ, ಹೆಸರು ಹೇಳಿದರೆ ಪಕ್ಕದ ಬಡಾವಣೆಯವರಿಗೂ ಗೊತ್ತಾಗದ, ಆದರೆ ಕಲ್ಲುಹಾಸಿನ ಮೇಜಿನ ಮುಂದೆ ಒಂದು ಬೈಟು ಕಾಫಿಯ ನೆಪದಲ್ಲಿ ಎರಡು ಗಂಟೆ ಕುಳಿತುಕೊಳ್ಳಲು ಬಿಡುತ್ತಿದ್ದ ಸಾಧಾರಣ ಹೋಟೆಲು. ಗೋಡೆಯ ಮೇಲೆ ‘ಇಲ್ಲಿ ರಾಜಕೀಯ ಮಾತನಾಡಬಾರದು’ ಎಂಬ ಫಲಕ. ಅದರ ಕೆಳಗೆ ಕುಳಿತು ರಾಜಕೀಯವನ್ನಲ್ಲದೆ ಬೇರೇನನ್ನೂ ಮಾತನಾಡದ ಗಿರಾಕಿಗಳು.

ಇಂಥ ತಾಣಗಳ ಪೈಕಿ ಕಾಫಿ ಹೌಸಿನ ಚರಿತ್ರೆ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ವಿಶೇಷ ಸ್ವಾರಸ್ಯದ್ದು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕಾಫಿಯ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಾಗ, ದೇಶದೊಳಗೇ ಬಳಕೆಯನ್ನು ಹೆಚ್ಚಿಸಬೇಕೆಂಬ ಉದ್ದೇಶದಿಂದ 1935ರ ಕಾಯ್ದೆಯ ಮೇರೆಗೆ ಕಾಫಿ ಸೆಸ್ ಸಮಿತಿ ರಚನೆಯಾಯಿತು. ಮರುವರ್ಷ ಮುಂಬೈಯಲ್ಲಿ ಮೊದಲ ಕಾಫಿ ಹೌಸ್ ತೆರೆಯಿತು. ಆಮೇಲೆ ಆ ಹೊಣೆ ಕಾಫಿ ಮಂಡಳಿಯದಾಯಿತು. ಎಂದರೆ, ನಾಲ್ಕು ಜನ ಕೂತು ಹರಟುವ ಈ ತಾಣ ಹುಟ್ಟಿದ್ದು ಸಂಸ್ಕೃತಿಯ ಪೋಷಣೆಗೆಂದಲ್ಲ, ಹೆಚ್ಚುವರಿ ದಾಸ್ತಾನು ಕರಗಿಸುವುದಕ್ಕೆ. ಮಾರುಕಟ್ಟೆ ವಿಸ್ತರಣೆಯ ಕೆಲಸ ಮುಗಿಯಿತೆಂದು ಭಾವಿಸಿದ ಮಂಡಳಿ 1950ರ ದಶಕದ ನಡುವಿನಲ್ಲಿ ಈ ಮಳಿಗೆಗಳನ್ನು ಮುಚ್ಚಲು ನಿರ್ಧರಿಸಿತು. ಬೀದಿಗೆ ಬಿದ್ದ ನೌಕರರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು ಸ್ಥಾಪನೆಯಾದದ್ದು ನಮ್ಮ ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಬಿಳಿಯ ಉಡುಪು, ಸೊಂಟಕ್ಕೆ ಅಗಲವಾದ ಪಟ್ಟಿ, ತಲೆಗೆ ಗರಿಮುರಿ ಪೇಟ ತೊಟ್ಟು ಕಾಫಿ ತಂದಿಡುತ್ತಿದ್ದಾತ ಆ ಸಂಸ್ಥೆಯ ಮಾಲೀಕರಲ್ಲಿ ಒಬ್ಬನೂ ಆಗಿದ್ದ ಎಂಬುದನ್ನು ಮೇಜಿನ ಸುತ್ತ ಕುಳಿತು ಸಮಾಜವಾದ ಚರ್ಚಿಸುತ್ತಿದ್ದ ನಮ್ಮಲ್ಲಿ ಎಷ್ಟು ಜನ ಗಮನಿಸಿದ್ದೆವೋ!

ಸಹಕಾರಿ ಸಂಘಕ್ಕೆ ಲಾಭದ ಒತ್ತಡ ಕಡಿಮೆ. ಸಂಬಳ, ಸರಕು, ಕಾಫಿಯ ಬೆಲೆ ಎಲ್ಲವನ್ನೂ ಸದಸ್ಯರೇ ತೀರ್ಮಾನಿಸಬಹುದು. ಅವರ ಕೈಯಲ್ಲಿ ಇಲ್ಲದ್ದು ಒಂದೇ, ಕಟ್ಟಡದ ಬಾಡಿಗೆ. ಮಹಾತ್ಮ ಗಾಂಧಿ ರಸ್ತೆಯಲ್ಲಿ ಸುಮಾರು ಅರ್ಧ ಶತಮಾನ ನಡೆದ ಕಾಫಿ ಹೌಸ್ ಕೊನೆಗೆ ಜಾಗ ತೆರವು ಮಾಡಿ ಚರ್ಚ್ ಸ್ಟ್ರೀಟಿಗೆ ಹೋಯಿತು. ಮೆಟ್ರೊ ಕಾಮಗಾರಿಯಿಂದ ಹೊಸ ರೂಪ ತಾಳುತ್ತಿದ್ದ ಆ ರಸ್ತೆಯಲ್ಲಿ ಅಷ್ಟು ಅಗ್ಗದ ಕಾಫಿಗೆ ನೆಲೆ ಸಿಗದೆ ಹೋದುದರಲ್ಲಿ ಆಶ್ಚರ್ಯವಿಲ್ಲ.

ಬಾಡಿಗೆ ಕಾನೂನಿನ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಹಳೆಯ ಹೋಟೆಲುಗಳ ಕುರಿತ ಲೇಖನಗಳಲ್ಲಿ ಇದರ ಪ್ರಸ್ತಾಪವೇ ಇರುವುದಿಲ್ಲ. 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆದಾರರಿಗೆ ಭದ್ರವಾದ ರಕ್ಷಣೆ ನೀಡಿತ್ತು. ಒಮ್ಮೆ ಒಳಹೊಕ್ಕವರನ್ನು ಬಿಡಿಸುವುದು ಮಾಲೀಕನಿಗೆ ದುಸ್ಸಾಧ್ಯವಾಗಿತ್ತು. ದಶಕಗಳ ಹಿಂದಿನ ಬಾಡಿಗೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತಿತ್ತು. ಅದರ ಬದಲಿಗೆ ಬಂದ 1999ರ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಯಾಯಿತು. ವಾಣಿಜ್ಯ ಬಳಕೆಯ ಕಟ್ಟಡಗಳ ಪೈಕಿ 14 ಚದರ ಮೀಟರಿಗಿಂತ ಹೆಚ್ಚು ವಿಸ್ತೀರ್ಣದವು ಅದರ ವ್ಯಾಪ್ತಿಯಿಂದ ಹೊರಗುಳಿದವು. 14 ಚದರ ಮೀಟರ್ ಎಂದರೆ ಸುಮಾರು 150 ಚದರ ಅಡಿ. ಬೀಡಾ ಅಂಗಡಿಗೆ, ಹೊಲಿಗೆಯವನಿಗೆ ಸಾಕು. ಒಲೆ, ರುಬ್ಬುವ ಯಂತ್ರ, ಹತ್ತು ಮೇಜು ಹಿಡಿಯಬೇಕಾದ ಹೋಟೆಲಿಗೆ ಎಲ್ಲಿ ಸಾಕಾದೀತು? ಹೀಗೆ ಒಂದು ಕಲಮಿನಿಂದ ನಗರದ ಬಾಡಿಗೆ ಹೋಟೆಲುಗಳೆಲ್ಲ ಮಾರುಕಟ್ಟೆಯ ಬಯಲಿಗೆ ಬಂದು ನಿಂತವು. ಹಳೆಯ ಕಾನೂನು ನ್ಯಾಯವಾಗಿತ್ತೆಂದು ನಾನು ವಾದಿಸುವುದಿಲ್ಲ. ನಾವು ಕುಡಿದ ಅಗ್ಗದ ಕಾಫಿಯ ಒಂದು ಪಾಲನ್ನು ಯಾರೋ ಒಬ್ಬ ವಿಧವೆ ಮನೆಯೊಡತಿ ತನ್ನ ಬಾಡಿಗೆಯ ನಷ್ಟದಿಂದ ಭರಿಸುತ್ತಿದ್ದಿರಲೂಬಹುದು. ಆ ಸಹಾಯಧನ ನಿಂತಿತು ಎನ್ನುವುದಷ್ಟೇ ಇಲ್ಲಿನ ಸಂಗತಿ.

ಲೆಕ್ಕವನ್ನು ಸರಳಗೊಳಿಸಿ ನೋಡೋಣ. ಸಾವಿರ ಚದರ ಅಡಿಯ ಹೋಟೆಲು, 40 ಕುರ್ಚಿ, ಚದರ ಅಡಿಗೆ ತಿಂಗಳಿಗೆ 150 ರೂಪಾಯಿ ಬಾಡಿಗೆ ಎಂದು ಊಹಿಸಿಕೊಳ್ಳಿ. ಪ್ರತಿ ಕುರ್ಚಿಯ ಮೇಲೆ ದಿನಕ್ಕೆ 125 ರೂಪಾಯಿ ಬಾಡಿಗೆ ಕೂರುತ್ತದೆ. ಹೋಟೆಲು 12 ಗಂಟೆ ತೆರೆದಿದ್ದು, ಗಿರಾಕಿ 20 ನಿಮಿಷಕ್ಕೆ ಎದ್ದು ಹೋದರೆ ಒಬ್ಬೊಬ್ಬನ ಪಾಲಿಗೆ ಮೂರೂವರೆ ರೂಪಾಯಿ. ಆತ ಒಂದು ಗಂಟೆ ಕೂತರೆ ಹತ್ತು ರೂಪಾಯಿಗೂ ಮಿಕ್ಕುತ್ತದೆ. ಮಧ್ಯಾಹ್ನ ಅರ್ಧ ಕುರ್ಚಿಗಳು ಖಾಲಿ ಬಿದ್ದಿರುವುದನ್ನು ಲೆಕ್ಕಕ್ಕೆ ಹಿಡಿದರೆ ಇನ್ನೂ ಹೆಚ್ಚು. ಹಾಲು, ಪುಡಿ, ಅನಿಲ, ಸಂಬಳ ಇದರ ಮೇಲೆ. 2024ರಿಂದೀಚೆಗೆ ಕಾಫಿ ಬೀಜದ ಧಾರಣೆ ಏರಿದ ರೀತಿ ಎಲ್ಲರಿಗೂ ತಿಳಿದದ್ದೇ. ಕುರ್ಚಿಯನ್ನೇ ತೆಗೆದುಹಾಕಿದರೆ ಹೇಗೆ ಎಂಬ ಯೋಚನೆ ಇಂಥ ಲೆಕ್ಕದಿಂದ ತಾನಾಗಿಯೇ ಹುಟ್ಟುತ್ತದೆ. 1983ರಲ್ಲಿ ಜಯನಗರದಲ್ಲಿ ಆರಂಭವಾದ ಕೆಫೆ ದರ್ಶಿನಿ ಮಾಡಿದ್ದು ಅದನ್ನೇ. ಮೊದಲು ಹಣ ಕೊಟ್ಟು ಚೀಟಿ ಪಡೆ, ನಿಂತು ತಿನ್ನು, ಹೊರಡು. ದರ್ಶಿನಿಗಳನ್ನು ಜರೆಯುವವರು ಅವು ಕೆಳಮಧ್ಯಮ ವರ್ಗದ ಲಕ್ಷಾಂತರ ಜನರಿಗೆ ಶುಚಿಯಾದ ತಿಂಡಿಯನ್ನು ಕೈಗೆಟಕುವ ಬೆಲೆಗೆ ಕೊಟ್ಟವೆಂಬುದನ್ನು ಮರೆಯುತ್ತಾರೆ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಮಳಿಗೆ ತೆರೆದ ಕೆಫೆ ಕಾಫಿ ಡೇ ಹಿಡಿದದ್ದು ವಿರುದ್ಧ ದಿಕ್ಕು. ಕುರ್ಚಿಯನ್ನು ಮೆತ್ತಗೆ ಮಾಡಿ, ಅದರ ಬಾಡಿಗೆಯನ್ನು ಕಾಫಿಯ ಬೆಲೆಯೊಳಗೇ ಸೇರಿಸಿಬಿಟ್ಟಿತು. ನಿಂತು ಕುಡಿಯುವವರಿಗೆ ಒಂದು, ದುಡ್ಡು ಕೊಟ್ಟು ಕೂರುವವರಿಗೆ ಇನ್ನೊಂದು. ದುಡ್ಡಿಲ್ಲದೆ ಕೂರಬೇಕಾದವರ ಹೋಟೆಲು ನಡುವೆ ಸಿಕ್ಕಿ ನಲುಗಿತು.

ಸ್ವಂತ ಕಟ್ಟಡವಿದ್ದವರ ಕಥೆಯೂ ಹೆಚ್ಚು ಬೇರೆಯಲ್ಲ. ಮುಖ್ಯ ರಸ್ತೆಯ ನಿವೇಶನವೊಂದನ್ನು ಚಿನ್ನಾಭರಣದ ಅಂಗಡಿಗೆ ಕೊಟ್ಟರೆ ಬರುವ ಹಣದ ಬಡ್ಡಿ, ಮುಂಜಾನೆ ನಾಲ್ಕಕ್ಕೆದ್ದು ಒಲೆ ಹಚ್ಚಿ ಗಳಿಸುವ ಲಾಭಕ್ಕಿಂತ ಎಷ್ಟೋ ಪಾಲು ಹೆಚ್ಚು. ಮಕ್ಕಳು ಎಂಜಿನಿಯರುಗಳಾಗಿ ಹೊರದೇಶಗಳಲ್ಲಿದ್ದಾರೆ. ಅಪ್ಪನಿಗೆ ಸೊಂಟನೋವು. ಇಂಥ ಮಾಲೀಕರನ್ನು ಪರಂಪರೆ ಉಳಿಸಲಿಲ್ಲವೆಂದು ದೂರುವುದು ಅನ್ಯಾಯ.

ಕೆಲಸಗಾರರ ವಿಷಯಕ್ಕೆ ಬಂದರೆ ಹಳಹಳಿಕೆಯ ಬಣ್ಣ ಇನ್ನಷ್ಟು ಮಾಸುತ್ತದೆ. ನಾವು ‘ಮಾಣಿ’ ಎಂದು ಅಕ್ಕರೆಯಿಂದ ಕೂಗುತ್ತಿದ್ದ ಎಷ್ಟೋ ಜನ ನಿಜಕ್ಕೂ ಮಾಣಿಗಳೇ ಆಗಿದ್ದರು. ಉಡುಪಿ, ಕುಂದಾಪುರ ಸೀಮೆಯ ಬಡ ಮನೆಗಳಿಂದ ಬಂದು, ಲೋಟ ತೊಳೆದು, ರಾತ್ರಿ ಮೇಜುಗಳನ್ನು ಜೋಡಿಸಿ ಅವುಗಳ ಮೇಲೆಯೇ ಮಲಗುತ್ತಿದ್ದ ಹತ್ತು ಹನ್ನೆರಡರ ಹುಡುಗರು. ಹೋಟೆಲುಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸುವುದಕ್ಕೆ ಸ್ಪಷ್ಟವಾದ ನಿಷೇಧ ಬಂದದ್ದು 2006ರ ಅಕ್ಟೋಬರ್ 10ರಿಂದ. ಆ ಮಕ್ಕಳ ಮಕ್ಕಳು ಇಂದು ಕಾಲೇಜಿನಲ್ಲಿದ್ದಾರೆ. ಹೋಟೆಲುಗಳಲ್ಲಿ ಈಗ ದುಡಿಯುತ್ತಿರುವವರಲ್ಲಿ ಬಹಳ ಮಂದಿ ಒಡಿಶಾ, ಬಿಹಾರ, ಬಂಗಾಳ, ಅಸ್ಸಾಮಿನವರು. ಸಾಂಬಾರಿನ ಹದ ಕೆಟ್ಟಿತೆಂದು ಗೊಣಗುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ಇನ್ನು, ಆ ಕುರ್ಚಿ ಎಲ್ಲರಿಗೂ ಸಿಗುತ್ತಿತ್ತೇ? ಜಾತಿಯ ಹೆಸರನ್ನು ಫಲಕದಲ್ಲೇ ಹೊತ್ತ ಹೋಟೆಲುಗಳ ಕಾಲವೊಂದಿತ್ತು. ಹೋಟೆಲು, ಸಾರ್ವಜನಿಕ ಉಪಾಹಾರ ಗೃಹಗಳಿಗೆ ಎಲ್ಲ ಪ್ರಜೆಗಳಿಗೂ ಪ್ರವೇಶವಿರಬೇಕೆಂದು ಸಂವಿಧಾನದ 15ನೇ ವಿಧಿಯಲ್ಲಿ ಹೆಸರಿಟ್ಟು ಹೇಳಬೇಕಾಗಿ ಬಂತು ಎಂದರೆ ಪರಿಸ್ಥಿತಿ ಹೇಗಿದ್ದಿರಬಹುದು? 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯಲ್ಲೂ ಹೋಟೆಲಿನ ಉಲ್ಲೇಖ ಪ್ರತ್ಯೇಕವಾಗಿದೆ. ಹೆಂಗಸರ ಪಾಲಿಗಿದ್ದದ್ದು ಪರದೆ ಇಳಿಬಿಟ್ಟ ‘ಫ್ಯಾಮಿಲಿ ರೂಮು’. ಅಲ್ಲಿಗೂ ಒಂಟಿಯಾಗಿ ಹೋದ ಹೆಣ್ಣುಮಗಳನ್ನು ಸಪ್ಲೈಯರ್‌ನಿಂದ ಹಿಡಿದು ಎಲ್ಲರೂ ದಿಟ್ಟಿಸುತ್ತಿದ್ದರು. ಹಳೆಯ ಹೋಟೆಲುಗಳ ಸ್ಮೃತಿಗಳನ್ನು ಬರೆಯುವವರೆಲ್ಲ ಬಹುಮಟ್ಟಿಗೆ ಗಂಡಸರೇ ಆಗಿರುವುದು ಕಾಕತಾಳೀಯವಲ್ಲ. ನನ್ನ ಶ್ರೀಮತಿಗೆ ಈ ವಿಷಯದಲ್ಲಿ ನನ್ನಷ್ಟು ಭಾವುಕತೆಯಿಲ್ಲ. ಅವರಿಗೆ ದರ್ಶಿನಿಯೇ ಇಷ್ಟ.

ಸರ್ಕಾರ ಈ ಉದ್ಯಮದಲ್ಲಿ ಕೈಯಾಡಿಸಿದಾಗ ಏನಾಯಿತೆಂಬುದಕ್ಕೂ ಉದಾಹರಣೆಗಳಿವೆ. ತುರ್ತು ಪರಿಸ್ಥಿತಿಯಲ್ಲಿ ತಿಂಡಿಯ ಬೆಲೆಗಳನ್ನು ಕಟ್ಟುಪಾಡಿಗೆ ಒಳಪಡಿಸಿದಾಗ, ಗುಣಮಟ್ಟ ಇಳಿಸಲೊಪ್ಪದ ಎಂಟಿಆರ್ ಹೋಟೆಲನ್ನೇ ಕೆಲಕಾಲ ಮುಚ್ಚಿ, ಕೆಲಸಗಾರರನ್ನು ಉಳಿಸಿಕೊಳ್ಳಲು ಮಸಾಲೆ ಪುಡಿ, ಸಿದ್ಧ ಮಿಶ್ರಣಗಳ ಮಾರಾಟಕ್ಕೆ ಇಳಿಯಿತು. ಆ ಪುಡಿಯ ವ್ಯಾಪಾರ ಬೆಳೆದು, 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಕಂಪನಿಯ ಕೈ ಸೇರಿತು. ಬೆಲೆಯನ್ನು ಆದೇಶದಿಂದ ನಿಗದಿ ಮಾಡಬಹುದು, ಇಡ್ಲಿಯ ಗಾತ್ರವನ್ನು ನಿಗದಿ ಮಾಡುವುದು ಕಷ್ಟ ಎಂದು ಹಿರಿಯ ಅಧಿಕಾರಿಯೊಬ್ಬರು ನಮಗೆಲ್ಲ ಹೇಳುತ್ತಿದ್ದರು. ಚೆನ್ನೈಯಲ್ಲಿ ಉಡುಪಿ ಮೂಲದ ಕೆ. ಕೃಷ್ಣರಾಯರು 1962ರಲ್ಲಿ ಕಟ್ಟಿದ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ 2008ರಲ್ಲಿ ಮುಚ್ಚಿತು. ಆ ಜಾಗವನ್ನು ಅಲ್ಲಿನ ಸರ್ಕಾರ ಉದ್ಯಾನವನ್ನಾಗಿ ಮಾಡಿತು. ದೆಹಲಿಯ ಕನಾಟ್ ಪ್ಲೇಸಿನ ಕಾಫಿ ಹೌಸನ್ನು 1976ರಲ್ಲಿ ಕೆಡವಿದ್ದೂ ಸರ್ಕಾರವೇ.

ಆದರೆ ಕೇರಳದ ಅನುಭವ ಬೇರೆ. ಅಲ್ಲಿ ಕಾಫಿ ನೌಕರರ ಸಹಕಾರ ಸಂಘಗಳು ಇಂದಿಗೂ ಊರೂರಿನಲ್ಲಿ, ಸರ್ಕಾರಿ ಆಸ್ಪತ್ರೆಗಳ ಆವರಣಗಳಲ್ಲಿ ಸಹ, ಹೋಟೆಲು ನಡೆಸುತ್ತಿವೆ. ತಿರುವನಂತಪುರದ ತಂಪಾನೂರು ಬಸ್ ನಿಲ್ದಾಣದ ಪಕ್ಕದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ವಿನ್ಯಾಸಗೊಳಿಸಿದ ಸುರುಳಿಯಾಕಾರದ ಕಾಫಿ ಹೌಸಿನಲ್ಲಿ ಕೂಲಿಯಾಳೂ ಕುಳಿತೇ ಕಾಫಿ ಕುಡಿಯುತ್ತಾನೆ.

ನಮ್ಮಲ್ಲಿ ಕುರ್ಚಿ ಬೇಕಾದವರು ಯಾರು? ನಿವೃತ್ತರಾದ ನನ್ನಂಥವರಿಗೆ ಮನೆಯಲ್ಲಿ ಕುರ್ಚಿಯಿದೆ. ಸಂದರ್ಶನಕ್ಕೆಂದು ರಾಯಚೂರಿನಿಂದ ಬೆಳಿಗ್ಗೆ ಬಂದಿಳಿದು ಮೂರು ಗಂಟೆಯವರೆಗೆ ಕಾಯಬೇಕಾದ ಹುಡುಗನಿಗೆ, ಆಸ್ಪತ್ರೆಯಲ್ಲಿ ರೋಗಿಯನ್ನು ಒಳಗೆ ಕಳಿಸಿ ಹೊರಗೆ ನಿಂತ ತಾಯಿಗೆ, ಬಹುಮಹಡಿ ಕಟ್ಟಡದ ಕಚೇರಿಗೆ ಅರ್ಜಿ ಹಿಡಿದು ಬಂದ ರೈತನಿಗೆ ಅದು ಬೇಕು. ನನ್ನ ಸೇವಾವಧಿಯಲ್ಲಿ ನನ್ನೆದುರಿಗೆ ಬಂದ ಎಷ್ಟೋ ಮನವಿಗಳು ಸುತ್ತಲಿನ ಹೋಟೆಲುಗಳ ಮೇಜಿನ ಮೇಲೆ ಬರೆದವಾಗಿದ್ದವು. ಕೆಲವುಗಳಲ್ಲಿ ಕಾಫಿ ಲೋಟದ ದುಂಡು ಗುರುತೂ ಇರುತ್ತಿತ್ತು. 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನ್, ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಕೊಟ್ಟು ಹಸಿವಿನ ಪ್ರಶ್ನೆಗೆ ಒಂದು ಉತ್ತರ ನೀಡಿತು. ಅಲ್ಲಿಯೂ ನಿಂತೇ ಉಣ್ಣಬೇಕು.

2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಐದು ನಗರ ಪಾಲಿಕೆಗಳಾಗಿವೆ. ಪಾಲಿಕೆಗಳ ವಾಣಿಜ್ಯ ಸಂಕೀರ್ಣ, ಬಸ್ ನಿಲ್ದಾಣ, ಮೆಟ್ರೊ ನಿಲ್ದಾಣ, ದೊಡ್ಡ ಸರ್ಕಾರಿ ಆಸ್ಪತ್ರೆ, ಇವೆಲ್ಲ ಸಾರ್ವಜನಿಕ ಆಸ್ತಿಗಳು. ಅಲ್ಲಿನ ಮಳಿಗೆಗಳನ್ನು ಅತಿ ಹೆಚ್ಚು ಬಾಡಿಗೆ ಕೂಗಿದವರಿಗೇ ಕೊಡಬೇಕೆಂಬುದು ರೂಢಿ. ಹಾಗೆ ಕೊಡದಿದ್ದರೆ ಲೆಕ್ಕಪರಿಶೋಧನೆಯ ಆಕ್ಷೇಪ ಬರುವುದು ನಿಶ್ಚಿತ. ಕೆಲಸಗಾರರ ಸಹಕಾರ ಸಂಘಗಳಿಗೆ, ಕನಿಷ್ಠ ಇಷ್ಟು ಕುರ್ಚಿಗಳಿರಬೇಕು, ಕೂತವರನ್ನು ಎಬ್ಬಿಸಬಾರದು, ಹೆಂಗಸರಿಗೆ ಶುಚಿಯಾದ ಶೌಚಾಲಯವಿರಬೇಕು ಎಂಬ ಷರತ್ತಿನ ಮೇಲೆ ಕೆಲವು ಮಳಿಗೆಗಳನ್ನು ಕಡಿಮೆ ಬಾಡಿಗೆಗೆ ಮೀಸಲಿಡಬಹುದು. ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಒಂದು, ವಿಕ್ಟೋರಿಯಾ ಆಸ್ಪತ್ರೆಯ ಬಳಿ ಒಂದು ಎಂದು ಮೊದಲು ಎರಡನ್ನು ನಡೆಸಿ ನೋಡಬಹುದು. ಬಾಡಿಗೆಯಲ್ಲಿ ಆಗುವ ಖೋತಾವನ್ನು ಮುಚ್ಚಿಡದೆ ಆಯವ್ಯಯದಲ್ಲಿ ಪ್ರತ್ಯೇಕ ಬಾಬ್ತಾಗಿ ತೋರಿಸಿದರೆ ಪರಿಶೋಧಕರಿಗೂ ಉತ್ತರ ಕೊಟ್ಟಂತಾಗುತ್ತದೆ, ಎಷ್ಟು ಕುರ್ಚಿಗೆ ಎಷ್ಟು ಖರ್ಚಾಯಿತೆಂದು ತೆರಿಗೆದಾರನಿಗೂ ತಿಳಿಯುತ್ತದೆ.