ಸಂವಾದದಲ್ಲಿ ಅವಳ ಪಾಲೆಷ್ಟು?

ಮುಸ್ಲಿಮರು ಮತ್ತು ಕ್ರೈಸ್ತರ ನಡುವಿನ ಸಂವಾದ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ವೇದಿಕೆ, ಮೈಕು ಮತ್ತು ಎದುರುಬದುರಾಗಿ ಕುಳಿತ ವಿದ್ವಾಂಸರು. ಈಗ ಅದು ಮೊಬೈಲ್ ಪರದೆಗೂ ಬಂದಿದೆ. ಅಲ್ಲಿ ಯಾರು ಗೆದ್ದರು, ಯಾರು ಸೋತರು ಎಂಬುದೇ ಮುಖ್ಯ. ಆದರೆ ಇಸ್ಲಾಮಿನ ಆರಂಭ ಕಾಲದ ಸಂವಾದ ಹೀಗಿರಲಿಲ್ಲ.

ಕ್ರಿ.ಶ. 615ರ ಸುಮಾರಿಗೆ ಮಕ್ಕಾದವರ ಹಿಂಸೆ ತಾಳಲಾರದೆ ಮುಸ್ಲಿಮರ ತಂಡವೊಂದು ಅಬಿಸೀನಿಯಕ್ಕೆ ವಲಸೆ ಹೋಯಿತು. ಅವರಲ್ಲಿ ಸ್ತ್ರೀಯರೂ ಇದ್ದರು. ಅವರನ್ನು ಮರಳಿ ಒಪ್ಪಿಸುವಂತೆ ಕೋರಿ ಕುರೈಶರು ಉಡುಗೊರೆಗಳೊಂದಿಗೆ ದೂತರನ್ನು ಕಳುಹಿಸಿದರು. ಅಲ್ಲಿನ ಕ್ರೈಸ್ತ ದೊರೆ ನಜ್ಜಾಶಿ ಆ ದೂತರ ಮಾತನ್ನಷ್ಟೇ ನಂಬಲಿಲ್ಲ, ವಲಸೆ ಬಂದವರ ಮಾತನ್ನೂ ಕೇಳಿದರು. ಜಅಫರ್(ರ) ಅವರು ಮರ್ಯಮ್ ಅಧ್ಯಾಯದ ಆರಂಭದ ಸೂಕ್ತಗಳನ್ನು ಓದಿದಾಗ ದೊರೆಯ ಕಣ್ಣು ತುಂಬಿ ಬಂತು. ಈ ಘಟನೆಯನ್ನು ವಿವರವಾಗಿ ನಮಗೆ ತಲುಪಿಸಿದವರು ಯಾರು? ಅದೇ ತಂಡದಲ್ಲಿದ್ದ ಉಮ್ಮು ಸಲಮಾ(ರ). ಓದಿದ್ದು ಓರ್ವ ಮಹಿಳೆಯ ಹೆಸರಿನ ಅಧ್ಯಾಯ. ಅದನ್ನು ನೆನಪಿಟ್ಟು ಹೇಳಿದವರೂ ಓರ್ವ ಮಹಿಳೆ!

2019ರ ಫೆಬ್ರವರಿ 4ರಂದು ಅಬುಧಾಬಿಯಲ್ಲಿ ಪೋಪ್ ಫ್ರಾನ್ಸಿಸ್ ಮತ್ತು ಅಲ್ ಅಝ್‌ಹರ್‌ನ ಇಮಾಮ್ ಅಹ್ಮದ್ ಅಲ್ ತಯ್ಯಿಬ್ ಅವರು ಮಾನವ ಸಹೋದರತೆಯ ದಾಖಲೆಗೆ ಸಹಿ ಹಾಕಿದರು. ಮಹಿಳೆಯ ಶಿಕ್ಷಣ, ಉದ್ಯೋಗ ಮತ್ತು ರಾಜಕೀಯ ಹಕ್ಕುಗಳನ್ನು ಮಾನ್ಯ ಮಾಡಬೇಕೆಂದು ಅದು ಹೇಳುತ್ತದೆ. ಮಾತು ಒಳ್ಳೆಯದೇ. ಆದರೆ ಅದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮನೆಗಳನ್ನು ತಲುಪುವುದು ಹೇಗೆ?

2011ರ ಜನಗಣತಿಯ ಪ್ರಕಾರ ವಿಜಯಪುರ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು 77 ಪುರುಷರು ಅಕ್ಷರಸ್ಥರು. ಮಹಿಳೆಯರು ಸುಮಾರು 57 ಮಾತ್ರ. ಮಳೆ ಕೈಕೊಟ್ಟ ವರ್ಷ ಇಲ್ಲಿಂದ ಕುಟುಂಬಗಳು ಮಹಾರಾಷ್ಟ್ರ, ಗೋವಾ ಕಡೆಗೆ ಗುಳೆ ಹೋಗುತ್ತವೆ. ಆಗ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮೊದಲು ಶಾಲೆ ಬಿಡುವವಳು ಮನೆಯ ಹಿರಿಮಗಳು. ಹಸಿವು ಅವಳ ಧರ್ಮ ಕೇಳಿ ಬರುವುದಿಲ್ಲ.

ಇಲ್ಲಿ ಮುಸ್ಲಿಮರು ಜನಸಂಖ್ಯೆಯ ಸುಮಾರು ಆರನೇ ಒಂದರಷ್ಟಿದ್ದಾರೆ. ಕ್ರೈಸ್ತರು ತೀರಾ ವಿರಳ. ಇಂತಹ ಕಡೆ ಸಂವಾದಕ್ಕೆ ದೊಡ್ಡ ವೇದಿಕೆ ಬೇಕಿಲ್ಲ, ಒಂದು ಶಾಲೆಯ ಬಾಗಿಲು ಸಾಕು. ನಮ್ಮ ರಾಜ್ಯದಲ್ಲೇ ಇದಕ್ಕೆ ನಿದರ್ಶನವಿದೆ. ಹಾಸನದ ಬಾನು ಮುಷ್ತಾಕ್ ಅವರನ್ನು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಶನರಿ ಶಾಲೆಗೆ ಸೇರಿಸಲಾಯಿತು. ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬುದು ಶಾಲೆಯ ಷರತ್ತು. ಬಾಲಕಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ ಅವರ ಕಥೆಗಳಿಗೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಒಂದು ಮುಸ್ಲಿಮ್ ಮನೆ ನಂಬಿತು, ಒಂದು ಕ್ರೈಸ್ತ ಶಾಲೆ ಬಾಗಿಲು ತೆರೆಯಿತು. ಇದಕ್ಕಿಂತ ದೊಡ್ಡ ಸಂವಾದ ಯಾವುದಿದೆ?

ಹೆಣ್ಣುಮಕ್ಕಳನ್ನು ಅಂತಹ ಶಾಲೆಗೆ ಕಳುಹಿಸಿದರೆ ಅವರ ಧಾರ್ಮಿಕ ಸಂಸ್ಕಾರದ ಗತಿಯೇನು ಎಂಬ ಅಳುಕು ಅನೇಕ ಹೆತ್ತವರಿಗಿದೆ. ಅದನ್ನು ಹಗುರವಾಗಿ ಕಾಣಬಾರದು. ಆದರೆ ಅಳುಕಿಗೆ ಪರಿಹಾರ ಮಗಳನ್ನು ಮನೆಯಲ್ಲಿ ಕೂರಿಸುವುದಲ್ಲ. ತಾಯಿಯೇ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯಿನಿಯೊಂದಿಗೆ ಉಡುಪು, ನಮಾಝ್, ಹಬ್ಬದ ರಜೆಯ ಬಗ್ಗೆ ಮುಕ್ತವಾಗಿ ಮಾತನಾಡಲಿ. ಅವರೂ ತಾಳ್ಮೆಯಿಂದ ಕೇಳಲಿ. ಉಭಯರಿಗೂ ಸಮಾನವಾದ ವಿಚಾರದ ಕಡೆಗೆ ಗ್ರಂಥದವರನ್ನು ಕರೆಯಲು ಪವಿತ್ರ ಕುರ್‌ಆನ್ ಕಲಿಸಿದೆ. ದೇವವಿಶ್ವಾಸದ ಆ ಬುನಾದಿಯ ಮೇಲೆ ನಿಂತು ಹೆಣ್ಣುಮಗುವಿನ ಓದಿನ ಬಗ್ಗೆ ಮಾತನಾಡಲು ಅಡ್ಡಿಯೇನು?

ಬಾಗೇವಾಡಿಯ ಮಣ್ಣಿಗೆ ಇದು ಹೊಸತೂ ಅಲ್ಲ. ಅಲ್ಲಿ ಹುಟ್ಟಿದ ಬಸವಣ್ಣನವರ ಕಾಲದಲ್ಲೇ ಶರಣೆಯರು ಪುರುಷರೊಂದಿಗೆ ವಿಚಾರ ವಿನಿಮಯ ಮಾಡಿ ವಚನ ಬರೆದರು. ಇಂದು ಸೌಲಭ್ಯಗಳೂ ಇವೆ. ವಿಜಯಪುರದಲ್ಲಿ 2003ರಿಂದ ಮಹಿಳಾ ವಿಶ್ವವಿದ್ಯಾಲಯವಿದೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸರಕಾರಿ ಬಸ್ಸಿಗೆ ಚಾರ್ಜು ಕೊಡಬೇಕಿಲ್ಲ. ಇನ್ನು ಉಳಿದಿರುವುದು ಮನೆಯ ಹೊಸ್ತಿಲು ದಾಟುವ ಅನುಮತಿ ಮಾತ್ರ.

ಹತ್ತನೇ ತರಗತಿಗೇ ಓದು ನಿಂತ ಹುಡುಗಿ ನಿಮ್ಮ ಓಣಿಯಲ್ಲಿದ್ದಾಳೆಯೇ? ಈ ವಾರವೇ ಅವಳ ತಾಯಿಯನ್ನು ಕಂಡು ಬನ್ನಿ. ಜೊತೆಯಲ್ಲಿ ನೆರೆಮನೆಯ ಕ್ರೈಸ್ತ ಸಹೋದರಿಯೂ ಇದ್ದರೆ ಇನ್ನೂ ಒಳ್ಳೆಯದು. ನಿಜವಾದ ಸಂವಾದ ಆರಂಭವಾಗುವುದು ಅಲ್ಲಿಂದಲೇ.