ವರ್ಕ್‌ಸ್ಪೇಸ್ (ವಿಡಿಯೋ ಸಂಕಲನ)

ವಿಡಿಯೋ ಸಂಕಲನ ತಂತ್ರಾಂಶದ ಪರದೆಯ ಮೇಲೆ ಪ್ಯಾನೆಲ್‌ಗಳನ್ನೂ ಉಪಕರಣಗಳನ್ನೂ ಜೋಡಿಸಿರುವ ವಿನ್ಯಾಸಕ್ಕೆ ವರ್ಕ್‌ಸ್ಪೇಸ್ ಎಂದು ಹೆಸರು. ಸಂಕಲನಕಾರರು ಕೈಗೊಂಡ ಕೆಲಸಕ್ಕೆ ತಕ್ಕಂತೆ ಈ ವಿನ್ಯಾಸವನ್ನು ಬದಲಿಸಿ, ಹೆಸರಿಟ್ಟು ಉಳಿಸಿಕೊಳ್ಳಬಹುದು. ಅಡೋಬ್ ಪ್ರೀಮಿಯರ್ ಪ್ರೊ, ಡಾವಿಂಚಿ ರಿಸಾಲ್ವ್, ಅವಿಡ್ ಮೀಡಿಯಾ ಕಂಪೋಸರ್ ಹಾಗೂ ಮುಕ್ತ ತಂತ್ರಾಂಶವಾದ ಕೆಡೆನ್‌ಲೈವ್‌ಗಳಲ್ಲಿ ಈ ಸೌಲಭ್ಯವಿದೆ. ವಿನ್ಯಾಸವನ್ನು ಬದಲಿಸಿದರೆ ಪರದೆಯ ನೋಟ ಮಾತ್ರ ಬದಲಾಗುತ್ತದೆ. ಚಿತ್ರಿಕೆಗಳಿಗಾಗಲಿ ಸಂಕಲನಕ್ಕಾಗಲಿ ಧಕ್ಕೆಯಾಗುವುದಿಲ್ಲ.

ಹಿನ್ನೆಲೆ

ಗಣಕಯಂತ್ರ ಬರುವ ಮೊದಲು ಫಿಲ್ಮ್ ಸುರುಳಿಯನ್ನು ಕತ್ತರಿಸಿ ಅಂಟಿಸಿ ಸಂಕಲನ ಮಾಡಲಾಗುತ್ತಿತ್ತು. 1924ರಲ್ಲಿ ಇವಾನ್ ಸೆರೂರಿಯೆ ರೂಪಿಸಿದ ಮೂವಿಯೋಲಾ ಮತ್ತು ಅನಂತರದ ಸ್ಟೀನ್‌ಬೆಕ್ ಮೇಜು ಇದಕ್ಕೆ ಬಳಕೆಯಾದ ಪ್ರಸಿದ್ಧ ಯಂತ್ರಗಳು. ಕತ್ತರಿಸಿದ ತುಂಡುಗಳನ್ನು ನೇತುಹಾಕುತ್ತಿದ್ದ ತೊಟ್ಟಿಗೆ ‘ಬಿನ್’ ಎನ್ನುತ್ತಿದ್ದರು. ಇಂದಿನ ತಂತ್ರಾಂಶಗಳಲ್ಲಿ ಚಿತ್ರಿಕೆಗಳನ್ನು ವಿಂಗಡಿಸಿಡುವ ಕಡತಕೋಶಕ್ಕೂ ಅದೇ ಹೆಸರು ಉಳಿದಿದೆ. 1989ರಲ್ಲಿ ಅವಿಡ್ ಸಂಸ್ಥೆಯ ಗಣಕೀಕೃತ ಸಂಕಲನ ವ್ಯವಸ್ಥೆ ಹಾಗೂ 1991ರಲ್ಲಿ ಮ್ಯಾಕಿಂಟಾಷ್‌ಗಾಗಿ ಪ್ರೀಮಿಯರ್ ಬಂದ ಬಳಿಕ, ಕೋಣೆಯ ತುಂಬ ಇದ್ದ ಸಲಕರಣೆಗಳ ಕೆಲಸವೆಲ್ಲ ಒಂದೇ ಪರದೆಗೆ ಬಂದಿತು. ಕಿರಿದಾದ ಆ ಸ್ಥಳವನ್ನು ಹಂಚಿಕೊಳ್ಳುವ ಅಗತ್ಯದಿಂದಲೇ ವರ್ಕ್‌ಸ್ಪೇಸ್ ಎಂಬ ಕಲ್ಪನೆಗೆ ಮಹತ್ವ ಬಂದಿತು.

ಪ್ಯಾನೆಲ್‌ಗಳ ಜೋಡಣೆ

ಪ್ರೀಮಿಯರ್ ಪ್ರೊದಲ್ಲಿ ನಾಲ್ಕು ಪ್ಯಾನೆಲ್‌ಗಳು ಮುಖ್ಯವಾದವು: ಚಿತ್ರಿಕೆಗಳನ್ನು ಇಡುವ ಪ್ರಾಜೆಕ್ಟ್, ಮೂಲ ಚಿತ್ರಿಕೆಯನ್ನು ನೋಡುವ ಸೋರ್ಸ್ ಮಾನಿಟರ್, ಸಂಕಲಿತ ದೃಶ್ಯವನ್ನು ತೋರಿಸುವ ಪ್ರೋಗ್ರಾಂ ಮಾನಿಟರ್ ಮತ್ತು ದೃಶ್ಯಗಳನ್ನು ಕ್ರಮವಾಗಿ ಜೋಡಿಸುವ ಟೈಮ್‌ಲೈನ್. ಪ್ಯಾನೆಲ್‌ನ ಹೆಸರಿನ ಪಟ್ಟಿಯನ್ನು ಹಿಡಿದೆಳೆದು ಮತ್ತೊಂದರ ನಡುವೆ ಬಿಟ್ಟರೆ ಎರಡೂ ಒಂದೇ ಗುಂಪಿಗೆ ಸೇರುತ್ತವೆ. ಅಂಚಿನಲ್ಲಿ ಬಿಟ್ಟರೆ ಅಕ್ಕಪಕ್ಕ ನಿಲ್ಲುತ್ತವೆ. ನಡುವಿನ ಗೆರೆಯನ್ನು ಎಳೆದು ಗಾತ್ರವನ್ನು ಹಿಗ್ಗಿಸಬಹುದು ಅಥವಾ ಕುಗ್ಗಿಸಬಹುದು. ಚಿಕ್ಕ ಪರದೆಯಲ್ಲಿ, ಎಸ್ಕೇಪ್ ಕೀಲಿಯ ಕೆಳಗಿರುವ ಕೀಲಿಯನ್ನು ಒತ್ತಿ ಬೇಕಾದ ಪ್ಯಾನೆಲ್ ಒಂದನ್ನೇ ಪರದೆಯ ತುಂಬ ತರಬಹುದು. ಮತ್ತೆ ಒತ್ತಿದರೆ ಅದು ಮೊದಲಿನ ಸ್ಥಿತಿಗೆ ಮರಳುತ್ತದೆ.

ಡಾವಿಂಚಿ ರಿಸಾಲ್ವ್‌ನ ಕ್ರಮ ಬೇರೆ. ಅದರಲ್ಲಿ ಎಡಿಟ್, ಫ್ಯೂಷನ್, ಕಲರ್, ಫೇರ್‌ಲೈಟ್, ಡೆಲಿವರ್ ಮುಂತಾದ ಪುಟಗಳು ಕೆಲಸದ ಹಂತಗಳಿಗೆ ಅನುಗುಣವಾಗಿ ಮೊದಲೇ ಗೊತ್ತುಪಡಿಸಲ್ಪಟ್ಟಿವೆ. ಬಳಕೆದಾರರು ಆಯಾ ಪುಟದೊಳಗೆ ಪ್ಯಾನೆಲ್‌ಗಳನ್ನು ತೆರೆಯಬಹುದು, ಮುಚ್ಚಬಹುದು ಮತ್ತು ಆ ವಿನ್ಯಾಸವನ್ನು ಉಳಿಸಬಹುದು.

ಉಳಿಸುವುದು ಮತ್ತು ಮರಳಿ ಪಡೆಯುವುದು

ಪ್ರೀಮಿಯರ್ ಪ್ರೊದ ವಿಂಡೋ ಪಟ್ಟಿಯಲ್ಲಿರುವ ವರ್ಕ್‌ಸ್ಪೇಸಸ್ ವಿಭಾಗದಲ್ಲಿ ಹೊಸ ವಿನ್ಯಾಸವನ್ನು ಹೆಸರಿಟ್ಟು ಉಳಿಸಬಹುದು. ಕಲಿಕೆಯ ಆರಂಭದಲ್ಲಿ ಟೈಮ್‌ಲೈನ್ ಅಕಸ್ಮಾತ್ತಾಗಿ ಮರೆಯಾದಾಗ, ಮಾಡಿದ ಕೆಲಸವೇ ನಷ್ಟವಾಯಿತೆಂಬ ಗಾಬರಿ ಉಂಟಾಗುವುದುಂಟು. ಅದೇ ವಿಭಾಗದಲ್ಲಿರುವ, ಉಳಿಸಿದ ವಿನ್ಯಾಸಕ್ಕೆ ಮರಳಿಸುವ ಆಯ್ಕೆಯನ್ನು ಒತ್ತಿದರೆ ಪ್ಯಾನೆಲ್‌ಗಳು ತಮ್ಮ ಸ್ಥಾನಕ್ಕೆ ಬರುತ್ತವೆ. ಒಂದೇ ಗಣಕವನ್ನು ಹಲವರು ಬಳಸುವ ಪ್ರಯೋಗಾಲಯಗಳಲ್ಲಿ ಪ್ರತಿಯೊಬ್ಬರೂ ತಮ್ಮದೇ ವಿನ್ಯಾಸವನ್ನು ಉಳಿಸಿಕೊಳ್ಳುವುದು ಅನುಕೂಲಕರ.

ಕೀಲಿಗಳು

ಜೆ ಕೀಲಿ ಹಿಂದಕ್ಕೆ ಓಡಿಸಲು, ಕೆ ನಿಲ್ಲಿಸಲು, ಎಲ್ ಮುಂದಕ್ಕೆ ಓಡಿಸಲು. ಐ ಮತ್ತು ಓ ಕೀಲಿಗಳು ಆಯ್ದ ಭಾಗದ ಆರಂಭ ಮತ್ತು ಅಂತ್ಯವನ್ನು ಗುರುತಿಸಲು. ಈ ಕ್ರಮ ಬಹುತೇಕ ತಂತ್ರಾಂಶಗಳಲ್ಲಿ ಸಮಾನ. ಉಳಿದ ಕೀಲಿಗಳನ್ನು ಬಳಕೆದಾರರು ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು.

ಕನ್ನಡ ಬರಹ

ಪ್ರೀಮಿಯರ್ ಪ್ರೊದ ಹಲವು ಆವೃತ್ತಿಗಳಲ್ಲಿ ಶೀರ್ಷಿಕೆಯನ್ನು ಕನ್ನಡದಲ್ಲಿ ಬರೆದಾಗ ಒತ್ತಕ್ಷರಗಳು ಸರಿಯಾಗಿ ಕೂಡದೆ ಬಿಡಿಬಿಡಿಯಾಗಿ ಕಾಣುತ್ತವೆ. ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ದಕ್ಷಿಣ ಏಷ್ಯಾ ಮತ್ತು ಮಧ್ಯಪ್ರಾಚ್ಯ ಭಾಷೆಗಳ ಟೆಕ್ಸ್ಟ್ ಎಂಜಿನ್ ಆಯ್ದು, ಯೂನಿಕೋಡ್ ಅಕ್ಷರಶೈಲಿಯನ್ನು ಬಳಸಿದರೆ ಈ ದೋಷ ನಿವಾರಣೆಯಾಗುತ್ತದೆ.

ಬದಲಾವಣೆಯ ಪರಿಣಾಮ

ಪರದೆಯ ವಿನ್ಯಾಸ ಕ್ರಮೇಣ ಸಂಕಲನಕಾರರ ಕೈಯ ರೂಢಿಯಾಗುತ್ತದೆ. 2011ರಲ್ಲಿ ಆಪಲ್ ಸಂಸ್ಥೆ ಹೊರತಂದ ಫೈನಲ್ ಕಟ್ ಪ್ರೊ ಟೆನ್ ಇದಕ್ಕೆ ನಿದರ್ಶನ. ಎರಡು ವೀಕ್ಷಣಾ ಕಿಟಕಿಗಳ ಬದಲು ಒಂದೇ ಕಿಟಕಿ, ಟ್ರ್ಯಾಕ್‌ಗಳ ಬದಲು ಮ್ಯಾಗ್ನೆಟಿಕ್ ಟೈಮ್‌ಲೈನ್ ಬಂದವು. ಹಳೆಯ ಆವೃತ್ತಿಯ ಕಡತಗಳು ಅದರಲ್ಲಿ ತೆರೆಯುತ್ತಿರಲಿಲ್ಲ. ವೃತ್ತಿನಿರತರಿಂದ ತೀವ್ರ ವಿರೋಧ ವ್ಯಕ್ತವಾಯಿತು, ಹಲವರು ಬೇರೆ ತಂತ್ರಾಂಶಗಳಿಗೆ ಹೋದರು. ತಮ್ಮ ರೂಢಿಯ ಜೋಡಣೆಯನ್ನು ತಾವೇ ಉಳಿಸಿಕೊಳ್ಳುವ ಅವಕಾಶ ಬಳಕೆದಾರರಿಗೆ ಏಕೆ ಮುಖ್ಯ ಎಂಬುದನ್ನು ಈ ಪ್ರಸಂಗ ತೋರಿಸುತ್ತದೆ.