ಪೌರುಷವೆಂಬ ಶಬ್ದವೂ ಒಂದು ಚಿತ್ರಪ್ರದರ್ಶನವೂ

‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯನ್ನು ಅರಿಯದ ಕನ್ನಡಿಗರು ವಿರಳ. ಅಂತಃಪುರದ ಹೆಂಗಸರ ಮುಂದೆ ತನ್ನ ಪರಾಕ್ರಮವನ್ನು ಕೊಚ್ಚಿಕೊಂಡ ವಿರಾಟಪುತ್ರನು ಕೌರವರ ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದನು. ಅವನನ್ನು ಹಿಡಿದು ತಂದು, ಸಾರಥಿಯನ್ನಾಗಿ ಮಾಡಿಕೊಂಡು, ಯುದ್ಧವನ್ನು ಗೆದ್ದುದು ಹೆಣ್ಣುಡುಗೆಯನ್ನುಟ್ಟು ನಾಟ್ಯವನ್ನು ಕಲಿಸುತ್ತಿದ್ದ ಬೃಹನ್ನಳೆ. ಪೌರುಷವೆಂಬುದು ಎಲ್ಲಿರುತ್ತದೆ, ಅದರ ಗುರುತು ಯಾವುದು ಎಂಬ ಪ್ರಶ್ನೆಯು ಈ ಕಥೆಯ ಒಳಗೇ ಅಡಗಿರುವುದು. ಇದೇ ಪ್ರಶ್ನೆಯನ್ನು ಛಾಯಾಚಿತ್ರಗಳ ಮೂಲಕ ಕೇಳಿದ ಪ್ರದರ್ಶನವೊಂದು ೨೦೨೦ನೆಯ ಇಸವಿಯಲ್ಲಿ ಲಂಡನ್ ನಗರದಲ್ಲಿ ನಡೆಯಿತು. ಅದರ ಸ್ವರೂಪವನ್ನು ತಿಳಿಸಿ, ನಮ್ಮ ಶಾಸ್ತ್ರಕಾರರ ವಿಚಾರದೊಡನೆ ಅದನ್ನು ಹೋಲಿಸುವುದು ಈ ಲೇಖನದ ಉದ್ದೇಶ.

೧. ಶಬ್ದವಿಚಾರ

‘ಪೌರುಷ’ ಶಬ್ದವನ್ನು ವೈಯಾಕರಣರು ‘ಪುರುಷನ ಭಾವ’ ಎಂದೂ ‘ಪುರುಷನ ಕರ್ಮ’ ಎಂದೂ ಎರಡು ಬಗೆಯಾಗಿ ಬಿಡಿಸುವರು. ಭಾವವೆಂದರೆ ಇರುವಿಕೆ, ಕರ್ಮವೆಂದರೆ ಮಾಡುವಿಕೆ. ಗಂಡಸುತನವು ಹುಟ್ಟಿನಿಂದ ಬಂದ ಸ್ಥಿತಿಯೋ, ದಿನದಿನವೂ ಮಾಡಿ ತೋರಿಸಬೇಕಾದ ಕೆಲಸವೋ ಎಂಬ ಸಂದೇಹಕ್ಕೆ ಶಬ್ದವೇ ಎಡೆಗೊಟ್ಟಿದೆ. ಇದಲ್ಲದೆ, ಎರಡು ಕೈಗಳನ್ನೂ ಮೇಲಕ್ಕೆ ಚಾಚಿ ನಿಂತ ಮನುಷ್ಯನ ಎತ್ತರಕ್ಕೂ ಪೌರುಷವೆಂದೇ ಹೆಸರೆಂದು ಅಮರಕೋಶವು ಹೇಳುವುದು. ಅಂದರೆ ಈ ಶಬ್ದವು ಒಂದು ಅಳತೆಯ ಹೆಸರೂ ಹೌದು. ಗಂಡಸುತನವನ್ನು ಹೇಳುವ ಈ ಮಾತು ಸಂಸ್ಕೃತದಲ್ಲಿ ನಪುಂಸಕಲಿಂಗದ್ದು ಎಂಬುದೂ ಗಮನಿಸತಕ್ಕ ಸಂಗತಿಯೇ.

ಲಿಂಗದ ಗುರುತು ಯಾವುದೆಂಬ ಚರ್ಚೆಯು ಪತಂಜಲಿಯ ಮಹಾಭಾಷ್ಯದಲ್ಲಿ ಸ್ತ್ರೀಪ್ರತ್ಯಯಗಳ ಮೊದಲಲ್ಲೇ ಬಂದಿದೆ. ಸ್ತನವೂ ನೀಳವಾದ ಕೂದಲೂ ಸ್ತ್ರೀಯ ಗುರುತು, ಮೈರೋಮವು ಪುರುಷನ ಗುರುತು ಎಂಬ ಲೋಕದ ಲಕ್ಷಣವನ್ನು ಮೊದಲು ಹೇಳಿ, ಕೂಡಲೇ ಆಕ್ಷೇಪವನ್ನು ಎತ್ತಲಾಗಿದೆ: ಹಾಗಾದರೆ ಹೆಣ್ಣುವೇಷವನ್ನು ಹಾಕಿದ ನಟನಿಗೂ, ಅಂದರೆ ಭ್ರೂಕುಂಸನಿಗೂ, ಸ್ತ್ರೀಪ್ರತ್ಯಯವನ್ನು ಹಚ್ಚಬೇಕಾದೀತಲ್ಲ! ಭಾಷ್ಯಕಾರನ ಗುರಿ ಶಬ್ದಸಿದ್ಧಿಯೇ ಹೊರತು ಸಮಾಜವಿಚಾರವಲ್ಲ. ಆದರೂ ಕಣ್ಣಿಗೆ ಕಾಣುವ ಚಿಹ್ನೆಗಳಿಂದ ಲಿಂಗವನ್ನು ನಿಶ್ಚಯಿಸಲು ಹೊರಟರೆ ಲಕ್ಷಣವು ಕೆಡುವುದೆಂಬುದನ್ನು ನಮ್ಮವರು ಬಹು ಹಿಂದೆಯೇ ಕಂಡಿದ್ದರು.

೨. ಪ್ರದರ್ಶನದ ಸ್ವರೂಪ

ಲಂಡನ್ನಿನ ಬಾರ್ಬಿಕನ್ ಕಲಾಕೇಂದ್ರದಲ್ಲಿ ೨೦೨೦ರ ಫೆಬ್ರವರಿ ೨೦ರಂದು ಈ ಪ್ರದರ್ಶನವು ತೆರೆಯಿತು. ಇದನ್ನು ಸಂಯೋಜಿಸಿದವರು ಅಲೋನಾ ಪಾರ್ಡೋ ಎಂಬ ಮಹಿಳೆ. ಐವತ್ತಕ್ಕೂ ಹೆಚ್ಚು ಮಂದಿ ಕಲಾವಿದರ ಕೃತಿಗಳು ಇಲ್ಲಿ ಒಂದೆಡೆ ಸೇರಿದ್ದುವು. ಸಾಂಕ್ರಾಮಿಕ ರೋಗದ ದೆಸೆಯಿಂದ ನಡುವೆ ಬಾಗಿಲನ್ನು ಮುಚ್ಚಬೇಕಾಯಿತು. ಬಳಿಕ ಮತ್ತೆ ತೆರೆದು, ಬರ್ಲಿನ್ ನಗರಕ್ಕೂ ಫ್ರಾನ್ಸಿನ ಆರ್ಲ್ ಪಟ್ಟಣಕ್ಕೂ ಇದು ಹೋಯಿತು. ಪ್ರದರ್ಶನದ ಇಂಗ್ಲಿಷ್ ಹೆಸರು ‘ಮ್ಯಾಸ್ಕ್ಯುಲಿನಿಟೀಸ್’ ಎಂಬ ಬಹುವಚನ; ಕನ್ನಡದಲ್ಲಿ ‘ಪೌರುಷಗಳು’ ಎನ್ನಬೇಕು. ಪೌರುಷವು ಒಂದೇ ಅಲ್ಲ, ಹಲವು ಎಂಬ ಪ್ರತಿಜ್ಞೆಯು ಈ ವಚನದಲ್ಲಿಯೇ ಇದೆ. ಆದರ್ಶರೂಪ, ಅಧಿಕಾರ, ಕುಟುಂಬ ಮತ್ತು ಪಿತೃತ್ವ, ಪುರುಷರಲ್ಲಿ ಪುರುಷರ ಪ್ರೇಮ, ಕರಿಯರ ದೇಹ, ಪುರುಷರನ್ನು ನೋಡುವ ಸ್ತ್ರೀಯರ ದೃಷ್ಟಿ ಎಂಬ ಆರು ಪ್ರಕರಣಗಳಾಗಿ ಚಿತ್ರಗಳನ್ನು ವಿಂಗಡಿಸಿದ್ದರು.

ಕೆಲವು ಉದಾಹರಣೆಗಳನ್ನು ನೋಡೋಣ. ಪೋರ್ಚುಗಲ್ ದೇಶದಲ್ಲಿ ಗೂಳಿಯನ್ನು ಬರಿಗೈಯಿಂದ ಎದುರಿಸುವ ತರುಣರುಂಟು. ಡಚ್ ಕಲಾವಿದೆ ರಿನೆಕೆ ಡೈಕ್‌ಸ್ಟ್ರಾ ೧೯೯೪ರಲ್ಲಿ ಇವರ ಚಿತ್ರಗಳನ್ನು ತೆಗೆದುದು ಕಾಳಗದ ನಡುವೆ ಅಲ್ಲ, ಅದು ಮುಗಿದ ಕೂಡಲೆ. ಮುಖದ ಮೇಲೆ ರಕ್ತ, ಕದಡಿದ ಉಡುಪು, ಕಣ್ಣಿನಲ್ಲಿ ಬಳಲಿಕೆ. ವೀರದ ಆಲಂಬನವು ಹೋಗಿ ಅದರ ಬೆಲೆಯು ಮಾತ್ರ ಉಳಿದಿದೆ. ಜರ್ಮನಿಯ ಥಾಮಸ್ ಡ್ವೋರ್ಜಾಕ್ ತಾನೇ ತೆಗೆಯದ ಚಿತ್ರಗಳನ್ನು ತಂದನು. ಆಫ್ಘಾನಿಸ್ತಾನದ ಕಂದಹಾರದ ಛಾಯಾಗೃಹಗಳಲ್ಲಿ ಅವನಿಗೆ ದೊರೆತ ತಾಲಿಬಾನ್ ಯೋಧರ ಚಿತ್ರಗಳವು: ಕಣ್ಣಿಗೆ ಕಾಡಿಗೆ, ಪಕ್ಕದಲ್ಲಿ ಹೂಗಳು, ಕೈಗೆ ಕೈ ಸೇರಿಸಿದ ಗೆಳೆಯರು, ಮೇಲೆ ಬಳಿದ ಬಣ್ಣ. ಅತಿ ಕಠೋರರೆಂದು ಹೆಸರಾದವರೂ ತಮ್ಮನ್ನು ತಾವು ಕಾಣಬಯಸಿದುದು ಲಾಲಿತ್ಯದಲ್ಲಿ!

ಹ್ಯಾನ್ಸ್ ಐಕೆಲ್ಬೂಮ್ ಎಂಬ ಡಚ್ ಕಲಾವಿದನ ೧೯೭೩ರ ಪ್ರಯೋಗವು ಹಾಸ್ಯವಾಗಿ ಕಂಡರೂ ಆಳವಾದುದು. ಮನೆಯ ಯಜಮಾನನು ಕೆಲಸಕ್ಕೆ ಹೋದ ಮೇಲೆ ಇವನು ಬಾಗಿಲು ತಟ್ಟಿ, ಮನೆಯಾಕೆಯನ್ನು ಒಪ್ಪಿಸಿ, ಅವಳ ಮತ್ತು ಮಕ್ಕಳ ನಡುವೆ ತಂದೆಯಂತೆ ಕುಳಿತು ಚಿತ್ರವನ್ನು ತೆಗೆಸಿಕೊಂಡನು. ಹೀಗೆ ಹಲವು ಮನೆಗಳು. ಯಾವ ಚಿತ್ರದಲ್ಲಿಯೂ ಅವನು ಪರಕೀಯನೆಂದು ತೋರುವುದಿಲ್ಲ. ತಂದೆಯ ಸ್ಥಾನವೆಂಬುದು ಒಂದು ಭೂಮಿಕೆಯಾಗಿ, ಬೇರೊಬ್ಬನು ಅದರಲ್ಲಿ ಸುಲಭವಾಗಿ ಕುಳಿತುಬಿಟ್ಟನು. ಕ್ಯಾಸಿಲ್ಸ್ ಎಂಬ ಕೆನಡಾದ ಕಲಾವಿದರ ೨೦೧೧ರ ಕೃತಿಯಲ್ಲಿ ದೇಹವೇ ಶಿಲೆ: ಅವರು ಇಪ್ಪತ್ತಮೂರು ವಾರಗಳಲ್ಲಿ ಇಪ್ಪತ್ತಮೂರು ಪೌಂಡು ತೂಕದ ಮಾಂಸಖಂಡವನ್ನು ಬೆಳೆಸಿ, ಅದರ ಕ್ರಮವನ್ನು ಚಿತ್ರಗಳಲ್ಲಿ ದಾಖಲಿಸಿದರು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಇವೆರಡೂ ಪೌರುಷವು ಭಾವವಲ್ಲ, ಕರ್ಮವೆಂಬ ಪಕ್ಷಕ್ಕೆ ಸಾಧಕಗಳು.

ಭಾರತದಿಂದ ಬಂದವರ ಕೃತಿಯೂ ಅಲ್ಲಿತ್ತು. ೧೯೫೩ರಲ್ಲಿ ದೆಹಲಿಯಲ್ಲಿ ಜನಿಸಿದ ಸುನಿಲ್ ಗುಪ್ತಾ ಅವರು ೧೯೭೬ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೋಫರ್ ಬೀದಿಯಲ್ಲಿ ನಿರ್ಭಯವಾಗಿ ನಡೆದಾಡುವ ಪುರುಷಪ್ರೇಮಿಗಳಾದ ಪುರುಷರನ್ನು ಚಿತ್ರಿಸಿದರು. ಅದೇ ಜನರ ನಡತೆಯು ನಮ್ಮ ದೇಶದಲ್ಲಿ ದಂಡಾರ್ಹವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿದುದು ೨೦೧೮ರ ಸೆಪ್ಟೆಂಬರ್ ೬ರಂದು.

೩. ಶಾಸ್ತ್ರದೊಡನೆ ತಾರತಮ್ಯ

ಪೌರುಷವು ಅನೇಕವೆಂಬ ಮಾತು ನಮಗೆ ಹೊಸದಲ್ಲ. ನಾಯಕರು ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಶಾಂತರೆಂದು ನಾಲ್ವರು. ಧನಂಜಯನ ದಶರೂಪಕವು ಹೇಳುವ ನಾಯಕನ ಎಂಟು ಸಾತ್ತ್ವಿಕಗುಣಗಳಲ್ಲಿ ತೇಜಸ್ಸು, ಸ್ಥೈರ್ಯ, ಗಾಂಭೀರ್ಯಗಳ ಜೊತೆಗೆ ಮಾಧುರ್ಯವೂ ಲಲಿತವೂ ಸೇರಿವೆ. ಸೀತೆಯನ್ನು ಕಾಣದೆ ಶ್ರೀರಾಮನು ಅರಣ್ಯದಲ್ಲಿ ಗೋಳಾಡಿದನು. ಅದರಿಂದ ಅವನ ಪೌರುಷಕ್ಕೆ ಕುಂದು ಬಂದಿತೆಂದು ಯಾವ ಆಲಂಕಾರಿಕನೂ ಹೇಳಲಿಲ್ಲ. ‘ಗಂಡುಹುಡುಗನಾಗಿ ಅಳುವೆಯಾ’ ಎಂದು ಕೂಸನ್ನು ಗದರಿಸುವ ವಾಡಿಕೆಗೆ ರಾಮಾಯಣದ ಬೆಂಬಲವಿಲ್ಲ.

ಆದರೆ ಇಷ್ಟರಿಂದಲೇ ಎಲ್ಲವೂ ನಮ್ಮಲ್ಲಿತ್ತೆಂದು ಬೀಗುವುದು ಯುಕ್ತವಲ್ಲ. ಶಾಸ್ತ್ರದ ನಾಯಕರು ಬಹುಮಟ್ಟಿಗೆ ಅರಸರು, ಅಮಾತ್ಯರು, ವಿಪ್ರರು, ವಣಿಕರು. ಸೇವಕನ ಪೌರುಷಕ್ಕೆ ಅಲ್ಲಿ ಲಕ್ಷಣವಿಲ್ಲ. ಬೃಹನ್ನಳೆಯ ಮಹಿಮೆಯೂ ಕೊನೆಗೆ ಗಾಂಡೀವದಿಂದಲೇ ಸಿದ್ಧವಾಯಿತು. ನಾಟ್ಯವನ್ನು ಕಲಿಸಿದ ಮಾತ್ರದಿಂದ ಆಕೆಯನ್ನು ಯಾರೂ ಹೊಗಳಲಿಲ್ಲ. ಪ್ರದರ್ಶನವು ನಮ್ಮ ಶಾಸ್ತ್ರಗಳಿಗಿಂತ ಮುಂದಕ್ಕೆ ಹೋಗುವುದು ಇಲ್ಲಿಯೇ. ಪೌರುಷದ ಬಗೆಗಳು ಎಷ್ಟು ಎಂದು ಎಣಿಸುವುದಷ್ಟಕ್ಕೆ ನಿಲ್ಲದೆ, ಆ ಅಳತೆಯಿಂದ ನೋಯುವವರು ಯಾರು ಎಂದು ಅದು ಕೇಳುವುದು. ಇಂಗ್ಲೆಂಡಿನ ಆನಾ ಫಾಕ್ಸ್ ಎಂಬಾಕೆಯ ಕೃತಿಯಲ್ಲಿ ತಾಯಿಯ ಅಚ್ಚುಕಟ್ಟಾದ ಕಪಾಟುಗಳ ಚಿತ್ರಗಳೂ, ರೋಗಿಯಾಗಿದ್ದ ತಂದೆಯು ಮನೆಯ ಹೆಂಗಸರ ಮೇಲೆ ಎಸೆದ ಕ್ರೂರವಾದ ಮಾತುಗಳೂ ಜೊತೆಜೊತೆಯಾಗಿವೆ. ಅದರಲ್ಲಿ ತಂದೆಯ ಮುಖವೇ ಇಲ್ಲ. ಆದರೂ ಅವನ ಅಧಿಕಾರವು ಪ್ರತಿಯೊಂದು ಕಪಾಟನ್ನೂ ತುಂಬಿದೆ.

ಪ್ರದರ್ಶನದ ಕೊರತೆಯನ್ನೂ ಹೇಳಬೇಕು. ಅದರ ಬಹುಪಾಲು ಕೃತಿಗಳು ಯೂರೋಪು ಮತ್ತು ಅಮೆರಿಕಾ ದೇಶಗಳವು. ನೇಗಿಲನ್ನು ಹಿಡಿಯುವ ರೈತನ, ಗರಡಿಯ ಪೈಲವಾನನ, ಯಕ್ಷಗಾನದ ಸ್ತ್ರೀವೇಷಧಾರಿಯ ಪೌರುಷವನ್ನು ಆ ಪ್ರಕರಣಗಳಲ್ಲಿ ಅಡಗಿಸಲು ಬರುವುದಿಲ್ಲ. ನಮ್ಮ ಪ್ರಶ್ನೆಯನ್ನು ನಾವೇ ನಮ್ಮ ಸಾಮಗ್ರಿಯಿಂದ ಕೇಳಿಕೊಳ್ಳಬೇಕು.

೪. ಮುಂದಿನ ಕೆಲಸ

ಆ ಸಾಮಗ್ರಿಗೆ ಕೊರತೆಯಿಲ್ಲ. ‘ಗಂಡ’ ಎಂಬ ಒಂದೇ ಶಬ್ದವನ್ನು ತೆಗೆದುಕೊಳ್ಳಬಹುದು. ವಿಜಯನಗರದ ಅರಸರ ‘ಮೂರುರಾಯರ ಗಂಡ’ ಎಂಬ ಬಿರುದಿನಲ್ಲಿ ಗಂಡನೆಂದರೆ ಗೆದ್ದು ಆಳುವವನು. ಮನೆಯಲ್ಲಿ ಗಂಡನೆಂದರೆ ಪತಿ. ರಣರಂಗದ ಒಡೆತನಕ್ಕೂ ದಾಂಪತ್ಯಕ್ಕೂ ನಾವು ಒಂದೇ ಮಾತನ್ನು ಬಳಸುತ್ತಿದ್ದೇವೆ. ಶಾಸನಗಳ ಬಿರುದುಗಳು, ವೀರಗಲ್ಲುಗಳ ಶಿಲ್ಪ, ಗಾದೆಗಳು, ಬೈಗುಳಗಳು ಇವನ್ನೆಲ್ಲ ಈ ದೃಷ್ಟಿಯಿಂದ ಕೂಡಿಸಿ, ಪ್ರಾಂತಪ್ರಾಂತಕ್ಕೆ ಹೋಲಿಸಿ ನೋಡಿದರೆ, ಕನ್ನಡಿಗರು ಗಂಡಸನ್ನು ಯಾವ ಯಾವ ಕಾಲದಲ್ಲಿ ಯಾವ ಕೋಲಿನಿಂದ ಅಳೆದರೆಂಬುದು ತಿಳಿದೀತು. ಶಾಸನಶಾಸ್ತ್ರಜ್ಞರೂ ಶಿಲ್ಪವನ್ನು ಬಲ್ಲವರೂ ಜಾನಪದದಲ್ಲಿ ಪರಿಶ್ರಮವುಳ್ಳವರೂ ಒಟ್ಟಾಗಿ ಕೈಹಾಕಿದರೆ ಮಾತ್ರ ಆಗುವ ಕೆಲಸವಿದು. ಇದರಲ್ಲಿ ಸ್ತ್ರೀವಿದ್ವಾಂಸರ ಪಾಲೂ ಸಮನಾಗಿರಬೇಕು, ಏಕೆಂದರೆ ಆ ಕೋಲಿನ ಪೆಟ್ಟನ್ನು ಹೆಚ್ಚಾಗಿ ತಿಂದವರು ಅವರು.